ಮತ್ಸುಯೊ ಕಟ್ಟುತ್ತಿದ್ದ ಜಾರುಗಂಟು

ಕಡಲೂರಾದ ಶಿರಾಸೆಯ ಮೂಡುಗೇರಿಯಲ್ಲಿ ಗಂಡಸಾಗಿ ಹುಟ್ಟಿದವನು ಯಾರಿಗೆ ಎದೆ ತೋರಿಸಿ ಮೆರೆದರೂ ವರ್ಷಕ್ಕೊಮ್ಮೆ ಮತ್ಸುಯೊಳಿಗೆ ಬೆನ್ನು ಕೊಟ್ಟು ನಿಲ್ಲಲೇಬೇಕಿತ್ತು. ಆಗಸ್ಟ್ ತಿಂಗಳ ಹಬ್ಬದ ದಿನ ಬೆಳಿಗ್ಗೆ ಆರಕ್ಕೇ ಅವಳ ಮನೆಯ ಮುಂದೆ ಸಾಲು. ಮೀನು ಹಿಡಿಯುವವನು, ಅಂಚೆಯವನು, ಶಾಲೆಯ ಮೇಷ್ಟ್ರು, ಹಲ್ಲಿನ ಡಾಕ್ಟರು ಎಲ್ಲರೂ ಒಂದೇ ವೇಷ. ಲಂಗೋಟಿ, ಹೊಟ್ಟೆಗೆ ಸುತ್ತಿದ ಬಿಳಿ ಬಟ್ಟೆ, ಹೆಗಲ ಮೇಲೆ ಕೇರಿಯ ಯುಕಾತಾ. ಬಿಳಿ ಹತ್ತಿಯ ನಿಲುವಂಗಿ, ಅದರ ಮೈತುಂಬ ನೀಲಿ ಮೀನುಬಲೆಯ ಚಿತ್ತಾರ. ಮತ್ಸುಯೊ ಬಲ ಮಗ್ಗುಲ ಮೇಲೆ ಎಡ ಮಗ್ಗುಲನ್ನು ತಂದು, ಅಂಚನ್ನು ಮೊಣಕಾಲಿಗೆ ಎತ್ತಿ, ನಡುಪಟ್ಟಿಯನ್ನು ಮೂರು ಸುತ್ತು ಸುತ್ತಿ, ಬೆನ್ನ ಹಿಂದೆ ಗಂಟು ಹಾಕಿ, ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು. ಗುದ್ದು ಬಿತ್ತೆಂದರೆ ಮುಗಿಯಿತು.

"ಅಕ್ಕಾ, ತುಂಬ ಬಿಗೀತು. ಉಸಿರೇ ಹೋಗ್ತಿದೆ!"

"ಹೋದ್ರೆ ಹೋಗ್ಲಿ ಬಿಡು. ನಿನ್ನ ಹೆಂಡ್ತಿ ಇನ್ನೂ ನೋಡೋ ಹಾಗಿದಾಳೆ, ಬೇರೆ ಸಂಬಂಧ ಸಿಗತ್ತೆ. ನಡಿ ಮುಂದೆ."

ಸುತ್ತು ಎಷ್ಟೇ ಬಿಗಿಯಿರಲಿ, ಗಂಟು ಮಾತ್ರ ಜಾರುಗಂಟು. ನಡುಪಟ್ಟಿಯ ಬಾಲ ಎಡಗಡೆ ಒಂದು ಗೇಣು ಇಳಿಬಿದ್ದಿರಬೇಕು. ಯಾರು ಎಳೆದರೂ, ಏನಕ್ಕೆ ಸಿಕ್ಕಿಕೊಂಡರೂ, ಪಟ್ಟಿ ಸರ್ರನೆ ಬಿಚ್ಚಿಕೊಂಡು ಮನುಷ್ಯ ಅದರಿಂದ ಹೊರಗೆ ಬರಬೇಕು. ಯಾಕೆಂದರೆ ಶಿರಾಸೆಯ ಹಬ್ಬ ಕೈಮುಗಿದು ಮನೆಗೆ ಹೋಗುವ ಹಬ್ಬವಲ್ಲ. ಮಧ್ಯಾಹ್ನ ಸಮುದ್ರ ಇಳಿದಾಗ ಮೂಡುಗೇರಿಯ ಪಲ್ಲಕ್ಕಿ ಒಂದು ಕಡೆಯಿಂದ, ಪಡುಗೇರಿಯ ಪಲ್ಲಕ್ಕಿ ಇನ್ನೊಂದು ಕಡೆಯಿಂದ ಮರಳಿಗೆ ಇಳಿದು, ಎರಡು ಹೋರಿಗಳ ಹಾಗೆ ಹಾಯುತ್ತವೆ. ಒಂದೊಂದನ್ನೂ ಹೊರಲು ಅರವತ್ತು ಜನ. ಹೊರುವ ಮರದ ದಂಡಿಗೆಯ ತುದಿಗೆ ಕಬ್ಬಿಣದ ಕೊಕ್ಕೆ. ಎದುರು ಕೇರಿಯ ಪಲ್ಲಕ್ಕಿಯನ್ನು ನೀರಿಗೆ ನೂಕಿದವರಿಗೆ ಆ ವರ್ಷದ ಮೀನು ಅಂತ ನಂಬಿಕೆ. ಕಾಲು ಮುರಿಯುತ್ತದೆ, ಕಿವಿ ಹರಿಯುತ್ತದೆ, ಮರಳು ಕೆಂಪಾಗುತ್ತದೆ. ಸಂಜೆ ಸಮುದ್ರ ಏರಿ ಬಂದು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಹರಿದ ಯುಕಾತಾವನ್ನು ಮೂರು ದಿನ ಬಾಗಿಲ ಮುಂದೆ ಬಿದಿರಿಗೆ ತೂಗುಹಾಕಿ ಮೆರೆಯುತ್ತಾರೆ. ಏಟು ತಿಂದು ಮಲಗಿದವನ ಮನೆಯ ಮುಂದೆಯೇ ಅತಿ ದೊಡ್ಡ ಚಿಂದಿ ತೂಗುತ್ತಿರುತ್ತದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದ ಹಾಗೆ.

ಆದರೆ ಒಂದು ಅವಮಾನ ಮಾತ್ರ ಯಾವ ಗಂಡಸಿಗೂ ಸಹಿಸಲಾಗದ್ದು. ಅವನ ನಡುಪಟ್ಟಿ ಎದುರು ಕೇರಿಯವರ ಕೈಗೆ ಸಿಕ್ಕರೆ ಅದನ್ನು ಒಯ್ದು ಅವರ ದೀಪದ ಕಂಬಕ್ಕೆ ಕಟ್ಟುತ್ತಾರೆ. ಮುಂದಿನ ಹಬ್ಬದವರೆಗೆ ಅದು ಅಲ್ಲೇ. ಮತ್ಸುಯೊಳ ಬಾಳು ಹಾಳಾದದ್ದು ಇದೊಂದರಿಂದ.

ಆಗ ಅವಳಿಗೆ ಹದಿನಾಲ್ಕು. ಯುದ್ಧ ಮುಗಿದು ಮೂರು ವರ್ಷ. ಅಪ್ಪ ಯುದ್ಧದಿಂದ ಹಿಂದಿರುಗಿರಲಿಲ್ಲ. ಜನ ಅನ್ನದ ಬದಲು ಗೆಣಸು ತಿನ್ನುತ್ತಿದ್ದರು, ಆದರೂ ಹಬ್ಬ ಬಿಟ್ಟಿರಲಿಲ್ಲ. ಕೇರಿಯ ಗಂಡಸರಿಗೆ ಆಗ ಉಡಿಸುತ್ತಿದ್ದವಳು ಅವಳ ತಾಯಿ ಇಕು. ಅಣ್ಣ ಸೇಕಿಚಿಗೆ ಹತ್ತೊಂಬತ್ತು. ಹಿಂದಿನ ವರ್ಷ ಅವನ ಪಟ್ಟಿ ಪಡುಗೇರಿಯವರ ಪಾಲಾಗಿತ್ತು. ದಿನಾ ಬೆಳಗ್ಗೆ ಮೀನಿನ ಕಟ್ಟೆಗೆ ಹೋಗಲು ಅವನು ಆ ಕಂಬದ ಕೆಳಗೇ ಹಾಯಬೇಕು. ಪಡುಗೇರಿಯ ಹುಡುಗಿಯರು ಮೀನು ಸೀಳುತ್ತ ಕೂತಲ್ಲಿಂದಲೇ ಕೂಗುತ್ತಿದ್ದರು. "ಸೇಕಿಚೀ, ಹಿಮ ಬೀಳ್ತಿದೆ ಕಣೋ, ನಿನ್ನ ಪಟ್ಟಿಗೆ ಚಳಿಯಾಗ್ತಿದೆಯಂತೆ. ಕಂಬಳಿ ಹೊದಿಸ್ಲಾ?"

ಹಬ್ಬದ ಬೆಳಿಗ್ಗೆ ತಾಯಿ ಎಲ್ಲರ ಹಾಗೇ ಅವನಿಗೂ ಜಾರುಗಂಟು ಹಾಕಿ ಗುದ್ದು ಕೊಟ್ಟಳು. ಅವನು ಸೀದಾ ಬಲೆಯ ಕೊಟ್ಟಿಗೆಯ ಹಿಂದೆ ಹೋಗಿ ತಂಗಿಯನ್ನು ಕರೆದ.

"ಇದನ್ನ ಬಿಚ್ಚಿ ಗಟ್ಟಿಯಾಗಿ ಕಟ್ಟೇ. ಕಗ್ಗಂಟು ಹಾಕು."

"ಅಮ್ಮ ಕೊಂದುಹಾಕ್ತಾಳೆ."

"ಅಮ್ಮಂಗೆ ಹೇಳೋರು ಯಾರು? ಎರಡು ಗಂಟು ಹಾಕು. ಕುದುರೆ ಎಳೆದ್ರೂ ಬಿಚ್ಚಬಾರದು. ಕಟ್ಟಿದ್ರೆ ನಿಂಗೆ ಐಸ್ ಕೊಡಿಸ್ತೀನಿ, ಕೆಂಪು ಪಾಕ ಹಾಕಿಸಿ."

ಮತ್ಸುಯೊ ಅಣ್ಣನ ಬೆನ್ನಿಗೆ ಕಾಲು ಕೊಟ್ಟು, ನಗುತ್ತ ನಗುತ್ತ, ಎರಡೂ ಕೈಯಿಂದ ಜಗ್ಗಿ ಎರಡು ಗಂಟು ಬಿಗಿದಳು.

ಮಧ್ಯಾಹ್ನ ಎದುರು ದಂಡಿಗೆಯ ಕೊಕ್ಕೆ ಅವನ ಬೆನ್ನ ಹಿಂದಿನ ಪಟ್ಟಿಗೆ ಸಿಕ್ಕಿಕೊಂಡಿತು. ಪಟ್ಟಿ ಬಿಚ್ಚಲಿಲ್ಲ. ಅರವತ್ತು ಜನ ತಮ್ಮ ಅಬ್ಬರದಲ್ಲಿ ತಾವಿದ್ದರು. ಕೊಕ್ಕೆಗೆ ಒಬ್ಬ ತೂಗುತ್ತಿದ್ದಾನೆ ಅನ್ನುವುದು ಅವರಿಗೆ ಕಾಣಲಿಲ್ಲ. ಪಲ್ಲಕ್ಕಿಯನ್ನು ಮೂರು ಸಲ ಎತ್ತಿ ಮೂರು ಸಲ ಕುಕ್ಕಿದರು. ಮೂರನೆಯದಕ್ಕೆ ಸೇಕಿಚಿಯ ತಲೆ ದಂಡಿಗೆಯ ಕೆಳಗಿತ್ತು.

ಬಾಗಿಲ ಹಲಗೆಯ ಮೇಲೆ ಅವನನ್ನು ಮನೆಗೆ ತಂದರು. ಮೈ ತೊಳೆಯಲು ಗಂಟು ಬಿಚ್ಚಹೋದರೆ ನಾಲ್ಕು ಜನ ಕೈ ಹಚ್ಚಿದರೂ ಬಿಚ್ಚಲಿಲ್ಲ, ಕೊನೆಗೆ ಕತ್ತರಿಸಬೇಕಾಯಿತು. ಕೂಡಿದವರೆಲ್ಲ ಇಕುವಿನ ಮುಖ ನೋಡಿದರು. ಇಕು ಬಾಗಿಲ ಮೂಲೆಯಲ್ಲಿ ನಿಂತಿದ್ದ ಮಗಳನ್ನು ಒಂದೇ ಒಂದು ಸಲ ನೋಡಿ, ಜನರ ಕಡೆ ತಿರುಗಿ ಹೇಳಿದಳು. "ನಾನೇ ಕಟ್ಟಿದ್ದು. ಕೈ ತಪ್ಪಿತು."

ಅವತ್ತಿನಿಂದ ಮೂಡುಗೇರಿಯ ಒಬ್ಬ ಗಂಡಸೂ ಇಕುವಿಗೆ ಬೆನ್ನು ಕೊಡಲಿಲ್ಲ. ಮಗನನ್ನು ಕಟ್ಟಿ ಕೊಂದವಳು ಅಂತ ಬಾವಿಕಟ್ಟೆಯಲ್ಲಿ ಅವಳಿಗೆ ಕೇಳುವ ಹಾಗೇ ಆಡಿಕೊಂಡರು. ಅವಳು ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಆ ವಿಷಯ ಒಂದು ದಿನವೂ ಎತ್ತಲಿಲ್ಲ. ಮನೆಯ ನಡುಗಂಬಕ್ಕೆ ಪಟ್ಟಿ ಸುತ್ತಿಸಿ, ಮಗಳ ಕೈಯಲ್ಲಿ ಜಾರುಗಂಟು ಹಾಕಿಸಿ, ತಾನು ಎಳೆದು ಬಿಚ್ಚಿ, "ಇನ್ನೊಂದು ಸಲ" ಅನ್ನುತ್ತಿದ್ದಳು. ದಿನಕ್ಕೆ ನೂರು ಸಲ. ತಾಯಿ ಸಾಯುವ ಹೊತ್ತಿಗೆ ಮತ್ಸುಯೊಳ ನಾಲಿಗೆ ತುದಿಗೆ ಮಾತು ಬಂದಿತ್ತು, ಆಚೆ ಬರಲಿಲ್ಲ. ಬದುಕಿದ್ದಾಗ ಹೇಳದವಳು ಹೆಣದ ಮುಂದೆ ಹೇಳಿ ಏನು ಬಂತು? ಅವಳೂ ನುಂಗಿಕೊಂಡಳು. ಮುಂದೆ ಅವಳೇ ಕೇರಿಗೆ ಉಡಿಸುವವಳಾದಳು, ಅವಳ ಗಂಟಿನಿಂದ ಒಬ್ಬನೂ ಸಾಯಲಿಲ್ಲ. ಪ್ರತಿ ಹಬ್ಬಕ್ಕೂ ದರ್ಜಿ ಕತ್ತರಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಡಲ ಕಟ್ಟೆಯ ಮೇಲೆ ನಿಲ್ಲುತ್ತಿದ್ದಳು. ಜನ ಕೇಳಿದರೆ, ಹರಿದ ತೋಳು ಕತ್ತರಿಸಲು ಬೇಕಾಗತ್ತೆ ಅನ್ನುತ್ತಿದ್ದಳು.

ಗಂಡ ಬೇಗ ಹೋದ. ಇದ್ದವಳು ಒಬ್ಬಳೇ ಮಗಳು, ಚಿಗುಸಾ. ಮನೆಯ ಹೆಸರು ಉಳಿಯಬೇಕೆಂದು ಮನೆಯಳಿಯನನ್ನು ತಂದಳು. ತಾನೇ ಆರಿಸಿ ತಂದಳು, ಅದೇ ಅವಳ ಎದೆಯ ಮುಳ್ಳು. ಐಸ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಯಸುನೋರಿ ಎರಡು ಮಣ ಐಸಿನ ಗಡ್ಡೆಯನ್ನು ಕೊಕ್ಕೆಯಲ್ಲಿ ಎತ್ತಿ ಒಂದೇ ಕೈಯಲ್ಲಿ ಲಾರಿಗೆ ಎಸೆಯುತ್ತಿದ್ದ. ಹಬ್ಬದಲ್ಲಿ ದಂಡಿಗೆಯ ಮುಂದಾಳು. ಬೆನ್ನು ಬಾಗಿಲಿನಷ್ಟು ಅಗಲ. ಉಡಿಸುವ ಕೈಗೆ ಬೆನ್ನು ಕಾಣುತ್ತದೆಯೇ ಹೊರತು ಒಳಗಿನದು ಕಾಣುವುದಿಲ್ಲ.

ಮದುವೆಯಾದ ಎರಡನೇ ತಿಂಗಳಿಗೆ ಕಾಗದದ ಗೋಡೆಯಾಚೆ ಮೊದಲ ಸದ್ದು ಕೇಳಿತು. ಅದು ಪಾತ್ರೆ ಬಿದ್ದ ಸದ್ದಲ್ಲ ಅಂತ ಅವಳಿಗೆ ಗೊತ್ತಾಯಿತು. ಅವನು ಬಲು ಲೆಕ್ಕಾಚಾರದ ಮನುಷ್ಯ, ಬಟ್ಟೆ ಮುಚ್ಚುವ ಜಾಗದಲ್ಲೇ ಹೊಡೆಯುತ್ತಿದ್ದ. ಮುಖಕ್ಕೆ ಕೈ ಹಾಕುತ್ತಿರಲಿಲ್ಲ. ಮದುವೆಯಾದ ವರ್ಷದ ಮೊದಲ ಹಿಮಕ್ಕೆ ಚಿಗುಸಾಳ ಮೂರು ತಿಂಗಳ ಬಸಿರು ಇಳಿದುಹೋಯಿತು. ಮೆಟ್ಟಿಲಿನಿಂದ ಜಾರಿದೆ ಅಂದಳು. ಆ ಮನೆಗೆ ಇದ್ದದ್ದು ಎರಡೇ ಮೆಟ್ಟಿಲು.

ಮತ್ಸುಯೊ ಕೇರಿಯ ಹಿರಿಯ ಕುರೋದಾ ಅಜ್ಜನ ಹತ್ತಿರ ಹೋದಳು. ಅವನು ಸೋಯಾ ಗಿಣ್ಣಿನಂಥ ತೋಫು ಮಾರುವ ಅಂಗಡಿಯವನು. ತೋಫು ಕೊಯ್ಯುತ್ತಲೇ ಕೇಳಿಸಿಕೊಂಡ.

"ಗಂಡಸು ಅಂದ್ಮೇಲೆ ಕೈ ಸ್ವಲ್ಪ ಉದ್ದ ಇರತ್ತೆ ಮತ್ಸುಯೊ. ಮುಂದಾಳು ಬೇರೆ. ಒಂದು ಮಗು ಆಗ್ಲಿ, ಎಲ್ಲ ಸರಿಹೋಗತ್ತೆ."

"ಆಗೋ ಮಗುವನ್ನೇ ಒದ್ದು ಬೀಳಿಸಿದಾನೆ ಅಂತ ತಾನೆ ನಾನು ಹೇಳ್ತಿರೋದು?"

"ಹಬ್ಬ ಕಳೀಲಿ, ನೋಡೋಣ."

ಎರಡು ಹಬ್ಬ ಕಳೆದವು. ಆ ಅಜ್ಜನ ನೋಟ ಕೊನೆಗೂ ಬೀಳಲಿಲ್ಲ. ಕಂಡದ್ದನ್ನು ಕಾಣದ ಹಾಗೆ ಇರುವುದರಲ್ಲಿ ಮೂಡುಗೇರಿಯವರಷ್ಟು ಪಳಗಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಮೂರನೆಯ ಹಬ್ಬದ ಬೆಳಿಗ್ಗೆ ಸಾಲು ಶುರುವಾಗುವ ಮೊದಲು ಮತ್ಸುಯೊ ಮಗಳಿಗೆ ಉಡಿಸಲು ಕೂತಳು. ಹೆಂಗಸರ ಯುಕಾತಾ, ನೀಲಿ ಹೂಬಳ್ಳಿಯದು, ರಾತ್ರಿಯೇ ಗಂಜಿ ಹಾಕಿ ಇಟ್ಟಿದ್ದಳು. ಹಳೆಯ ಬಟ್ಟೆ ಹೆಗಲಿನಿಂದ ಇಳಿಯಿತು. ಬೆನ್ನ ತುಂಬ ಹಳದಿ, ಹಸಿರು, ನೇರಳೆ. ಹಳೆಯದರ ಮೇಲೆ ಹೊಸದು. ಮತ್ಸುಯೊ ಯುಕಾತಾ ಹೊದಿಸಿ ಮುಂದೆ ಬಂದು ಪಟ್ಟಿ ಸುತ್ತಿದಳು. ಕೈ ಹೊಟ್ಟೆಯ ಮೇಲೆ ಬಂದಾಗ ನಿಂತಿತು. ಮೂವತ್ತು ವರ್ಷ ಹೊಟ್ಟೆಗಳಿಗೆ ಬಟ್ಟೆ ಸುತ್ತಿದ ಕೈಗೆ ಯಾರೂ ಹೇಳಬೇಕಾಗಿರಲಿಲ್ಲ.

"ಎಷ್ಟು?"

"ಐದನೇ ತಿಂಗಳು."

"ನನಗೂ ಹೇಳ್ಲಿಲ್ಲವಲ್ಲೇ."

"ಹೇಳಿದ್ರೆ ನಿನ್ನ ಮುಖದಲ್ಲಿ ಕಾಣತ್ತಮ್ಮ. ನಿನ್ನ ಮುಖ ನೋಡಿ ಅವನಿಗೆ ಗೊತ್ತಾಗತ್ತೆ."

"ಅವನಿಗೆ ಗೊತ್ತಿಲ್ವಾ?"

"ನಿನ್ನೆ ಹೇಳಿದೆ. ಇನ್ನು ಮುಚ್ಚಿಡೋಕೆ ಆಗ್ತಿರ್ಲಿಲ್ಲ."

"ಏನಂದ?"

ಚಿಗುಸಾ ಯುಕಾತಾದ ಮಗ್ಗುಲನ್ನು ಸರಿಸಿ ಪಕ್ಕೆ ತೋರಿಸಿದಳು. ಹೊಕ್ಕುಳಿಂದ ನಾಲ್ಕು ಬೆರಳು ಆಚೆಗೆ, ಹಿಮ್ಮಡಿಯ ಗುರುತು. ಇನ್ನೂ ಕೆಂಪಾಗಿತ್ತು.

"ಇದೇ ಅವನು ಅಂದಿದ್ದು. ಸರಿಯಾಗಿ ಬೀಳಲಿಲ್ಲ. ಹಬ್ಬ ಮುಗೀಲಿ ಅಂದಿದಾನೆ."

ಮತ್ಸುಯೊ ಮಗಳ ಪಟ್ಟಿಯನ್ನು ಹೊಟ್ಟೆಯ ಮೇಲಕ್ಕೆ ಎತ್ತಿ ಸಡಿಲವಾಗಿ ಕಟ್ಟಿದಳು. ಅವಳ ಒಳಗೆ ಏನೋ ಮುರಿಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಏನೂ ಮುರಿಯಲಿಲ್ಲ, ಬಹಳ ದಿನದಿಂದ ಅಲ್ಲಾಡುತ್ತಿದ್ದದ್ದು ಒಂದು ಕಡೆ ನಿಂತಿತು. ಇವತ್ತು ರಾತ್ರಿ ಅವನು ಈ ಮನೆಗೆ ನಡೆದು ಬಂದರೆ ಆ ಮಗು ಇರುವುದಿಲ್ಲ. ಮಗಳು ಇರುತ್ತಾಳೋ ಇಲ್ಲವೋ ಅದೂ ಹೇಳಲಾಗದು.

ಸಾಲಿನಲ್ಲಿ ಕೊನೆಯವನಾಗಿ ಯಸುನೋರಿ ಬಂದ. ಬೆಳಗ್ಗಿನಿಂದಲೇ ಸಾಕೆ ಎಂಬ ಅಕ್ಕಿ ಹೆಂಡ ಕುಡಿದು ಕಣ್ಣು ಕೆಂಪಗಿತ್ತು. ಜೊತೆಯವರು ಅಂಗಳದಲ್ಲಿ ಶಿಳ್ಳೆ ಹಾಕಿದರು. "ಮುಂದಾಳು ಬಂದ, ದಾರಿ ಬಿಡ್ರೋ!"

"ಅತ್ತೆ, ನನಗೆ ಎಲ್ಲಾರಿಗಿಂತ ಚೆನ್ನಾಗಿ ಕಟ್ಟಬೇಕು," ಅಂದ ಅವನು ಬೆನ್ನು ತಿರುಗಿಸಿ. ಹೊರಗಿನವರ ಕಡೆ ಕೂಗಿದ. "ನಮ್ಮತ್ತೆ ಹಾಕಿದ ಗಂಟು ಅಂದ್ರೆ ದೇವರು ಹಾಕಿದ ಹಾಗೆ. ಅಲ್ವೇನ್ರೋ?"

"ಅಲ್ಲಾಡ್ಬೇಡ," ಅಂದಳು ಮತ್ಸುಯೊ.

ಮೂರು ಸುತ್ತು ಸುತ್ತಿದಳು. ಕೈ ಅಭ್ಯಾಸದಿಂದ ಜಾರುಗಂಟಿನ ಕಡೆ ಹೊರಟಿತು. ಅದನ್ನು ತಡೆದು, ತುದಿಯನ್ನು ಅಡಿಯಿಂದ ತೂರಿಸಿ, ಒಂದು ಗಂಟು. ಅದರ ಮೇಲೆ ಇನ್ನೊಂದು. ಹದಿನಾಲ್ಕರಲ್ಲಿ ಅಣ್ಣನಿಗೆ ಹಾಕಿದ್ದು, ಆಮೇಲೆ ನಲವತ್ತೈದು ವರ್ಷ ಹಾಕದೆ ಇದ್ದದ್ದು. ಕೈ ತಾನಾಗಿ ಮಾಡಿತು ಅಂತ ಅವಳು ಯಾವತ್ತೂ ಹೇಳಿಕೊಳ್ಳಲಿಲ್ಲ. ತಿಳಿದೇ ಕಟ್ಟಿದಳು. ಬೆನ್ನಿಗೆ ಗುದ್ದು ಕೊಟ್ಟಳು. ಚಿಗುಸಾ ಒಳಗಿನಿಂದ ಬಂದು, ಗಂಡನ ಬೆನ್ನ ಹಿಂದೆ ನಿಂತು ಯುಕಾತಾದ ಸುಕ್ಕು ಸರಿಮಾಡಿ ಕಳಿಸಿದಳು.

ಎರಡು ಗಂಟೆಗೆ ಸಮುದ್ರ ಇಳಿಯಿತು. ನಗಾರಿಗಳು ಶುರುವಾದವು. ಕಡಲ ಕಟ್ಟೆಯ ಮೇಲೆ ಹೆಂಗಸರು, ಮುದುಕರು, ಸುಟ್ಟ ಜೋಳ ಕಡಿಯುವ ಮಕ್ಕಳು ಕಿಕ್ಕಿರಿದಿದ್ದರು. ಬಿಳಿ ಯುಕಾತಾದ ಮೂಡುಗೇರಿ ಈ ಕಡೆಯಿಂದ, ಕಡುನೀಲಿ ಚೌಕುಳಿಯ ಪಡುಗೇರಿ ಆ ಕಡೆಯಿಂದ ಓಡಿ ಬಂದವು. ಮೊದಲ ಡಿಕ್ಕಿಗೆ ದಂಡಿಗೆಗಳ ಸದ್ದು ಬೆಟ್ಟಕ್ಕೆ ಬಡಿದು ವಾಪಸು ಬಂತು. ಪಡುಗೇರಿಯ ಒಬ್ಬನ ಭುಜ ಕಳಚಿ ಕೈ ಹಿಂದಕ್ಕೆ ತೂಗಿತು, ಅವನು ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ತಲೆಯಿಂದ ಗುದ್ದಿದ. ಹಲ್ಲಿನ ಡಾಕ್ಟರು, ವರ್ಷವೆಲ್ಲ ಜನರ ಹಲ್ಲು ಉಳಿಸುವ ಮನುಷ್ಯ, ಯಾರದೋ ದವಡೆಗೆ ಮೊಣಕೈ ಕೊಟ್ಟು ಎರಡು ಹಲ್ಲು ಉದುರಿಸಿದ. ಅಂಚೆಯವನ ಪಟ್ಟಿಗೆ ಪಡುಗೇರಿಯ ಇಬ್ಬರು ಕೈ ಹಾಕಿದರು, ಪಟ್ಟಿ ಸರ್ರನೆ ಬಿಚ್ಚಿ ಅವನು ಲಂಗೋಟಿಯಲ್ಲಿ ಹೊರಳಿ ತಪ್ಪಿಸಿಕೊಂಡ. ಕಟ್ಟೆಯ ಮೇಲೆಲ್ಲ ನಗು. ಮತ್ಸುಯೊಳ ಜಾರುಗಂಟು ತನ್ನ ಕೆಲಸ ಮಾಡುತ್ತಿತ್ತು.

ಮುಂದಾಳು ಎದುರಾಳಿಗಳಿಗೆ ಬೆನ್ನು ಕೊಟ್ಟು ನಿಂತು ತನ್ನ ಪಲ್ಲಕ್ಕಿಯನ್ನು ಎಳೆಯಬೇಕು. ಯಸುನೋರಿ ಎಳೆಯುತ್ತಿದ್ದ. ಕತ್ತಿನ ನರ ಉಬ್ಬಿತ್ತು, ಹಣೆಯ ರಕ್ತ ಕಣ್ಣಿಗೆ ಇಳಿಯುತ್ತಿತ್ತು, ಆದರೂ ನಗುತ್ತಿದ್ದ. ನಾಲ್ಕನೆಯ ಡಿಕ್ಕಿಗೆ ಪಡುಗೇರಿಯ ದಂಡಿಗೆಯ ಕೊಕ್ಕೆ ಅವನ ಬೆನ್ನಿಗೆ ಬಂತು. ಪಟ್ಟಿಯೊಳಗೆ ಇಳಿಯಿತು. ಪಡುಗೇರಿಯವರು ಎತ್ತಿದರು. ಅವನ ಕಾಲು ಮರಳು ಬಿಟ್ಟಿತು.

ಅವನು ಕೈ ಹಿಂದೆ ತಂದು ಬಾಲ ಹುಡುಕಿದ. ಬಾಲ ಸಿಗಲಿಲ್ಲ. ನಗು ನಿಂತಿತು. ಪಲ್ಲಕ್ಕಿ ಕೆಳಗೆ ಬಂತು, ಅವನ ಮೊಣಕಾಲು ಮರಳಿಗೆ ಬಡಿದ ಸದ್ದು ಕಟ್ಟೆಯವರೆಗೆ ಕೇಳಿತು. ಒಂದು.

ಮತ್ಸುಯೊ ನೋಡುತ್ತಿದ್ದಳು. ಅವಳಿಗೆ ಕನಿಕರ ಬರಲಿಲ್ಲ. ಇನ್ನೆರಡು, ಅಂದುಕೊಂಡಳು. ಇನ್ನೆರಡು ಸಲ, ಆಮೇಲೆ ನನ್ನ ಮಗಳು ಈ ಮನೆಯಲ್ಲಿ ನಿದ್ದೆ ಮಾಡುತ್ತಾಳೆ. ಹಾಗಂದುಕೊಂಡೇ ಪಕ್ಕದಲ್ಲಿದ್ದ ಚಿಗುಸಾಳ ಕಡೆ ತಿರುಗಿದಳು.

ಚಿಗುಸಾ ಕೂಗುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಿರಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿದ್ದವು. ತುಟಿ ಮಾತ್ರ ಅಲ್ಲಾಡುತ್ತಿತ್ತು. ನಗಾರಿಯ ಪೆಟ್ಟಿಗೆ ಸರಿಯಾಗಿ ಅವಳು ಎಣಿಸುತ್ತಿದ್ದಳು.

ಆ ಮುಖ ಮತ್ಸುಯೊಳಿಗೆ ಗೊತ್ತಿತ್ತು. ಬಾಗಿಲ ಹಲಗೆಯ ಪಕ್ಕ ನಿಂತ ಇಕುವಿನ ಮುಖ ಅದು. ಗೊತ್ತಿದ್ದೂ ಗೊತ್ತಿದ್ದೂ ಸಾಯುವವರೆಗೆ ಬಾಯಿ ಹೊಲಿದುಕೊಂಡವಳದು. ಇವಳಿಗೂ ಗೊತ್ತಾಗಿದೆ, ಅಂತ ಮತ್ಸುಯೊಳಿಗೆ ಹೊಳೆಯಿತು. ಹೆಣ ಮನೆಗೆ ಬರುತ್ತದೆ, ಗಂಟು ಬಿಚ್ಚುವುದಿಲ್ಲ, ಇವಳು ನನ್ನನ್ನು ಒಂದು ಸಲ ನೋಡುತ್ತಾಳೆ, ಆಮೇಲೆ ಹುಟ್ಟುವ ಮಗುವಿನ ಮುಖ ನೋಡಿದಾಗಲೆಲ್ಲ ಎಣಿಸುತ್ತಾಳೆ. ನಲವತ್ತೈದು ವರ್ಷ ನಾನು ತಿಂದದ್ದನ್ನು ಇವಳ ತಟ್ಟೆಗೆ ನಾನೇ ಬಡಿಸಿದೆ.

ಎರಡನೆಯ ಸಲ ಪಲ್ಲಕ್ಕಿ ಕೆಳಗೆ ಬಂದಾಗ ಮತ್ಸುಯೊ ಕಟ್ಟೆಯಿಂದ ಹಾರಿದ್ದಳು.

ಹೆಂಗಸರು ಆ ಮರಳಿಗೆ ಇಳಿಯುವುದಿಲ್ಲ. ಇಳಿದವರ ಕಥೆ ಅಲ್ಲಿಯವರೆಗೆ ಇರಲೂ ಇಲ್ಲ. ಐವತ್ತೊಂಬತ್ತರ ಮುದುಕಿ, ಯುಕಾತಾದ ಅಂಚನ್ನು ತೊಡೆಗೆ ಎತ್ತಿ, ಕತ್ತರಿ ಹಿಡಿದು ನುಗ್ಗಿದಳು. ಯಾರದೋ ಮೊಣಕೈ ಅವಳ ಮೂಗಿಗೆ ಬಿತ್ತು, ಬಾಯಿಯಲ್ಲಿ ರಕ್ತ ಬಂತು. ಇನ್ನೊಬ್ಬನ ಕಾಲು ತೊಡರಿ ಬಿದ್ದಳು. ತುಳಿದರು. ತುಳಿಯುವ ಕಾಲುಗಳ ನಡುವೆಯೇ ತೆವಳಿದಳು. "ಬಿಡ್ರೋ! ಮನುಷ್ಯ ಸಿಕ್ಕಿದಾನೆ ಬಿಡ್ರೋ!" ಅಂತ ಕಿರುಚಿದಳು, ನಗಾರಿಯ ಕೆಳಗೆ ಅದು ಯಾರಿಗೆ ಕೇಳಬೇಕು? ಕೊಕ್ಕೆಯ ಹತ್ತಿರ ಬಂದಾಗ ಯಸುನೋರಿ ಬೆನ್ನು ಮೇಲಾಗಿ ತೂಗುತ್ತಿದ್ದ, ನಾಲಿಗೆ ಕಚ್ಚಿಕೊಂಡಿದ್ದ. ಪಲ್ಲಕ್ಕಿ ಮೂರನೆಯ ಸಲ ಏರುತ್ತಿತ್ತು.

ಕತ್ತರಿ ಹಾಕಿದಳು. ಮೊದಲ ಮಡಿಕೆ ಕತ್ತರಿಸಿತು, ಎರಡನೆಯದು. ಮೂರನೆಯದಕ್ಕೆ ಎರಡೂ ಕೈ ಕೊಟ್ಟು ಒತ್ತಿದಳು. ಪಟ್ಟಿ ಹರಿಯಿತು, ಅವನು ಕೆಳಗೆ ಬಿದ್ದು ಪಕ್ಕಕ್ಕೆ ಉರುಳಿದ. ಪಲ್ಲಕ್ಕಿ ಬಂತು. ಅವಳ ಬಲಗೈ ಇನ್ನೂ ಅಲ್ಲೇ ಇತ್ತು.

ಅವಳ ಕೂಗಿಗೆ ಮಾತ್ರ ಎರಡೂ ಕೇರಿ ನಿಂತವು.

ದಂಡಿಗೆ ಎತ್ತಿದಾಗ ಕೈ ಕೈಯ ಹಾಗಿರಲಿಲ್ಲ. ಯಸುನೋರಿ ಎದ್ದು ನಿಂತ. ಯುಕಾತಾ ತೆರೆದುಕೊಂಡು, ಲಂಗೋಟಿಯಲ್ಲಿ, ಎರಡು ಕೇರಿಯ ಎದುರು. ಪಟ್ಟಿಯ ತುಂಡು ಪಡುಗೇರಿಯ ಕೊಕ್ಕೆಯಲ್ಲಿ ತೂಗುತ್ತಿತ್ತು. ಪಡುಗೇರಿಯ ಯಾರೋ ಒಬ್ಬ ನಕ್ಕ. "ಅತ್ತೆ ಸೆರಗು ಹಿಡ್ಕೊಂಡು ಬಂದ ಕಣ್ರೋ ಮುಂದಾಳು!"

ತನ್ನ ಜೀವ ಉಳಿದದ್ದು ಅವನಿಗೆ ಹೊಳೆಯಲಿಲ್ಲ. ನಗು ಮಾತ್ರ ಕೇಳಿತು. ಮರಳಲ್ಲಿ ಮುದುಡಿ ಬಿದ್ದ ಅತ್ತೆಯ ಪಕ್ಕೆಗೆ ಹಿಮ್ಮಡಿಯಿಂದ ಒದ್ದ. "ಹಾಳು ಮುದುಕಿ, ನನ್ನ ಮಾನ ಕಳೆದ್ಯಾ?" ಇನ್ನೊಂದು ಸಲ ಒದ್ದ. ಮನೆಯೊಳಗೆ, ಕಾಗದದ ಗೋಡೆಯಾಚೆ ಹೇಗೆ ಒದೆಯುತ್ತಿದ್ದನೋ ಹಾಗೇ.

ಮೂರನೆಯದಕ್ಕೆ ಕಾಲು ಎತ್ತಿದ್ದ. ಚಿಗುಸಾ ಯಾವಾಗ ಇಳಿದು ಬಂದಳೋ ಯಾರೂ ನೋಡಿರಲಿಲ್ಲ. ನಗಾರಿಯವನ ಕೈಯಿಂದ ಮೊಣಕೈ ಉದ್ದದ ಕೋಲು ಕಿತ್ತುಕೊಂಡು ಬಂದಿದ್ದಳು. ಅವನ ಬಾಯಿಗೆ ಸರಿಯಾಗಿ ಹೊಡೆದಳು. ಅವನು ಕೈ ಮುಖಕ್ಕೆ ತಂದಾಗ ಕೈಯ ಮೇಲೆ ಹೊಡೆದಳು, ಬೆರಳು ಮುರಿದ ಸದ್ದಾಯಿತು. ಕೂತಾಗ ಕಿವಿಯ ಮೇಲೆ. ಅವಳು ಬೈಯಲಿಲ್ಲ, ಅಳಲಿಲ್ಲ. ಬಟ್ಟೆ ಒಗೆಯುವವಳ ಹಾಗೆ ಒಂದೇ ಸಮ ಹೊಡೆದಳು. ಅಂಚೆಯವನು ಕೊನೆಗೆ ಅವಳ ಕೈ ಹಿಡಿದ. "ಸಾಕು ತಾಯಿ, ಸಾಕು. ಹೊಟ್ಟೆಯಲ್ಲಿ ಇದೆ ಅಲ್ವಾ? ಸಾಕು."

ಎಲ್ಲರಿಗೂ ಗೊತ್ತಿತ್ತು ನೋಡಿ. ಹೊಟ್ಟೆಯದೂ ಗೊತ್ತಿತ್ತು, ಬೆನ್ನಿನದೂ ಗೊತ್ತಿತ್ತು.

ಆಮೇಲೆ ಗಂಡಸರು ಅವನ ಮೇಲೆ ಬಿದ್ದರು, ಎರಡೂ ಕೇರಿಯವರು ಒಟ್ಟಿಗೆ. ಹೆಂಡತಿಗೆ ಮೂರು ವರ್ಷ ಹೊಡೆದದ್ದಕ್ಕಲ್ಲ, ದೇವರ ಮರಳಿನಲ್ಲಿ ಮುದುಕಿಯನ್ನು ಒದ್ದದ್ದಕ್ಕೆ. ಮೈಮೇಲಿನ ಕೇರಿಯ ಯುಕಾತಾವನ್ನು ಹರಿದು ಕಿತ್ತುಕೊಂಡರು, ತೋಳು ಮುರಿದರು, ಮುಖ ಗುರುತು ಸಿಗದ ಹಾಗೆ ಮಾಡಿದರು. ಕುರೋದಾ ಅಜ್ಜ ಕಟ್ಟೆಯ ಮೇಲೆ ನಿಂತು, "ನಮ್ಮ ಕೇರಿಯ ಮಾನ ಕಳೆದ," ಅಂತ ಕೂಗುತ್ತಿದ್ದ. ಅವನ ತೋಫುವಿಗೆ ಹುಳ ಬೀಳಲಿ. ಮಾರನೆಯ ದಿನ ಯಸುನೋರಿಯ ತಮ್ಮ ಲಾರಿ ತಂದು ಅವನನ್ನು ಹಾಕಿಕೊಂಡು ಹೋದ. ಅವನು ಶಿರಾಸೆಗೆ ಮತ್ತೆ ಕಾಲಿಡಲಿಲ್ಲ.

ಮತ್ಸುಯೊ ಮೂರು ದಿನ ಜ್ವರದಲ್ಲಿದ್ದಳು. ಬಲಗೈಯ ಎರಡು ಬೆರಳು ತೆಗೆದಿದ್ದರು, ಉಳಿದವು ಇನ್ನು ಮಡಚುವುದಿಲ್ಲ ಅಂದಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಚಿಗುಸಾ ಪೀಚ್ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು.

"ಹೊಟ್ಟೆ?" ಅಂದಳು ಮತ್ಸುಯೊ.

"ಗಟ್ಟಿಯಾಗಿದೆ. ನಿನ್ನೆ ಒದೀತು."

"ಅಜ್ಜಿ ಹೆಸರು ಕಳೆಯೋ ಹಾಗೆ ಕಾಣಲ್ಲ ಹಾಗಾದ್ರೆ." ಕಟ್ಟು ಹಾಕಿದ ಕೈ ನೋಡಿಕೊಂಡಳು. ಆಮೇಲೆ ಹೇಳಿದಳು. "ಚಿಗುಸಾ, ಅವತ್ತು ನಾನು ಹಾಕಿದ್ದು ಕಗ್ಗಂಟು. ಕೈ ತಪ್ಪಿ ಅಲ್ಲ."

"ಗೊತ್ತಮ್ಮ."

"ಮರಳಲ್ಲಿ ಅವನು ತೂಗೋವಾಗ ನಿಂಗೆ ಗೊತ್ತಾಯ್ತು. ನಿನ್ನ ಮುಖ ನೋಡಿದೆ."

"ಆಗಲ್ಲ." ಚಿಗುಸಾ ಚಾಕು ಕೆಳಗಿಟ್ಟಳು. "ನೀನು ಕಟ್ಟೋವಾಗ್ಲೇ ಒಳಗಿನಿಂದ ಕನ್ನಡೀಲಿ ನೋಡಿದೆ. ಕಗ್ಗಂಟಿಗೆ ಬಾಲ ಇಳಿಬೀಳಲ್ಲ, ಗಿಡ್ಡ ತುದಿ ಮೇಲೇ ಎದ್ದು ನಿಂತಿತ್ತು. ಅಂಗಳದಲ್ಲಿ ಯಾರಾದ್ರೂ ನೋಡಿದ್ರೆ ಹೇಳಿಬಿಡ್ತಿದ್ರು. ನಾನು ಬಂದು ಸುಕ್ಕು ಸರಿಮಾಡಿದೆ ಅಲ್ವಾ? ತುದಿಯನ್ನ ಪಟ್ಟಿ ಒಳಗೆ ಸಿಕ್ಕಿಸಿದ್ದು ನಾನು."

ಮತ್ಸುಯೊ ಮಗಳನ್ನೇ ನೋಡಿದಳು. ಯಾವುದು ಮಗಳ ತಟ್ಟೆಗೆ ಬೀಳಬಾರದು ಅಂತ ಅವಳು ಕಟ್ಟೆಯಿಂದ ಹಾರಿದಳೋ ಅದನ್ನು ಮಗಳು ಬೆಳಿಗ್ಗೆಯೇ ಕೈಯಾರೆ ಬಡಿಸಿಕೊಂಡಿದ್ದಳು. ಅವಳಿಗೆ ಎದೆ ಉರಿಯಿತು. ಆದರೆ ಇಕುವಿನ ಹಾಗೆ ಬಾಯಿ ಹೊಲಿದುಕೊಳ್ಳಲಿಲ್ಲ. ಅಣ್ಣನ ಕಥೆ ಹೇಳಿದಳು. ಬಲೆಯ ಕೊಟ್ಟಿಗೆ, ಕೆಂಪು ಪಾಕದ ಐಸ್, ಬೆನ್ನಿಗೆ ಕೊಟ್ಟ ಕಾಲು, ಹಲಗೆಯ ಪಕ್ಕದಲ್ಲಿ ತಾಯಿ ಆಡಿದ ಸುಳ್ಳು. ನಲವತ್ತೈದು ವರ್ಷದ ಮೇಲೆ ಮೊದಲ ಸಲ ಆ ಮಾತು ಅವಳ ಬಾಯಿಂದ ಆಚೆ ಬಂತು. ಹೇಳುತ್ತ ಹೇಳುತ್ತ ಅತ್ತಳು. ಚಿಗುಸಾಳೂ ಅತ್ತಳು.

"ಒಂದು ಮಾತು ನೆನಪಿಟ್ಕೊ," ಅಂದಳು ಮತ್ಸುಯೊ ಕೊನೆಗೆ. "ಕಟ್ಟಿದ್ದೂ ನಾನೇ, ಕತ್ತರಿಸಿದ್ದೂ ನಾನೇ. ನೀನು ಸಿಕ್ಕಿಸಿದ್ದು ಬರೀ ಒಂದು ತುದಿ. ಅದೂ ಹರಿದುಹೋಯ್ತು. ಎಣಿಸೋದನ್ನ ಬಿಟ್ಟುಬಿಡು."

ಐದನೆಯ ತಿಂಗಳಿಗೆ ಬಸುರಿಯ ಹೊಟ್ಟೆಗೆ ಬಿಳಿ ಪಟ್ಟಿ ಕಟ್ಟುವುದು ತಾಯಿಯ ಕೆಲಸ. ಚಿಗುಸಾ ಅದನ್ನು ಚೀಲದಲ್ಲಿ ತಂದಿದ್ದಳು. ತಾಯಿಯ ಕೈ ನೋಡಿ ಹೊರಗೆ ತೆಗೆದಿರಲಿಲ್ಲ.

"ತೆಗೆ," ಅಂದಳು ಮತ್ಸುಯೊ. "ನೀನೇ ಸುತ್ಕೊ. ಹಾಗಲ್ಲ, ಕೆಳಗಿನಿಂದ ಎತ್ತಿ. ಈಗ ತುದಿ ಮೇಲಿಂದ ತಾ. ಮಡಚಿ ತೂರಿಸು. ಬಾಲ ಎಡಗಡೆ, ಒಂದು ಗೇಣು."

ಚಿಗುಸಾ ಕಟ್ಟಿ ನಿಂತಳು. ಮತ್ಸುಯೊ ಎಡಗೈ ಚಾಚಿ ಬಾಲ ಹಿಡಿದು ಎಳೆದಳು. ಪಟ್ಟಿ ಸರ್ರನೆ ಬಿಚ್ಚಿಕೊಂಡು ಮಂಚದ ಮೇಲೆ ಬಿತ್ತು.

"ಇನ್ನೊಂದು ಸಲ," ಅಂದಳು.